ಮುಟ್ಟು ನಿಂತ ಮ್ಯಾಲೆ ಸೋಯಾ ಗುಳಿಗಿ ತಗೋಳೋದಿದ್ರ ಇಷ್ಟು ನೋಡ್ಕೊಳ್ರಿ

ಬೈಲಹೊಂಗಲ, ಸವದತ್ತಿ ಕಡೆ ಮುಂಗಾರಿಗೆ ಸೋಯಾಬೀನ್ ಬೆಳೀತೀವಿ, ಮಾರ್ತೀವಿ, ಮನ್ಯಾಗ ತಿನ್ನೋದು ಕಮ್ಮಿ. ಈಗ ಅದರಾಗ ಇರೋ ಐಸೊಫ್ಲಾವೋನ್ ಅನ್ನೋ ಅಂಶದ ಗುಳಿಗಿ ಬೆಳಗಾವಿ ಮೆಡಿಕಲ್ ಶಾಪಿನಾಗ ಸಿಗ್ತಾವ. ಅಕ್ಕಾರ, ತಗೋಬ್ಯಾಡ್ರಿ ಅನ್ನಂಗಿಲ್ಲ, ಆದ್ರ ಯಾತಕ್ಕ ತಗೋತೀವಿ ಅನ್ನೋದು ಗೊತ್ತಿರಬೇಕು.

12 ತಿಂಗಳು ಪೂರಾ ಮುಟ್ಟು ಬರಲಿಲ್ಲಂದ್ರ ಮೆನೋಪಾಸ್. ಈಸ್ಟ್ರೋಜನ್ ಅನ್ನೋ ಹೆಣ್ಣಮಕ್ಕಳ ಹಾರ್ಮೋನ್ ಇಳಿದಿರತೈತಿ, ಅದಕ್ಕ ಒಮ್ಮಿಂದೊಮ್ಮೆಲೆ ಮೈ ಕಾದು ಬೆವರು ಬಿಡತೈತಿ, ರಾತ್ರಿ ನಿದ್ದಿ ಇಲ್ಲ. ಐಸೊಫ್ಲಾವೋನ್ ಈಸ್ಟ್ರೋಜನ್ ಕೂಡೋ ಜಾಗಾದಾಗನ ಹೋಗಿ ಕೂಡತಾವ, ಆದ್ರ ಅವುಗಳ ಕೆಲಸ ಭಾಳ ಮೆತ್ತಗ. ಹಂಗಾಗಿ ಈ ಝಳ ಸ್ವಲ್ಪ ಕಮ್ಮಿ ಆಗಬಹುದು, ಪೂರಾ ಹೋಗಂಗಿಲ್ಲ. ಎಲುಬು ಗಟ್ಟಿ ಆಗತಾವ ಅಂತ ಯಾರರ ಅಂದ್ರ ನಂಬಬ್ಯಾಡ್ರಿ, 2011ರಾಗ ಹೊರಬಿದ್ದ ಅಮೆರಿಕದ ಒಂದು ಪ್ರಯೋಗದಾಗ ದಿನಾ 200 ಮಿಲಿಗ್ರಾಂ ಎರಡು ವರ್ಷ ಕೊಟ್ರೂ ಎಲುಬು ಸವೆಯೋದು ನಿಲ್ಲಲಿಲ್ಲ.

ಡಬ್ಬಿ ತಿರುವಿ ಓದ್ರಿ. ಸೋಯಾ ಎಕ್ಸ್‌ಟ್ರಾಕ್ಟ್ (ಸೋಯಾದಿಂದ ತೆಗೆದ ಸಾರ) ಎಷ್ಟು ಅಂತ ದೊಡ್ಡ ಅಕ್ಷರದಾಗ ಇರತೈತಿ, ನಮಗ ಬೇಕಾಗಿದ್ದು ಅದರಾಗ ಐಸೊಫ್ಲಾವೋನ್ ಎಷ್ಟು ಮಿಲಿಗ್ರಾಂ ಅನ್ನೋದು, ಸಾಮಾನ್ಯವಾಗಿ ದಿನಕ್ಕ 40ರಿಂದ 80 ಮಿಲಿಗ್ರಾಂ ಕೊಟ್ಟು ಪರೀಕ್ಷೆ ಮಾಡ್ಯಾರ. ಬರದಿಲ್ಲಂದ್ರ ಆ ಡಬ್ಬಿ ಬಿಟ್ಟುಬಿಡ್ರಿ.

ಗುಳಿಗಿ ಶುರು ಮಾಡೋಕ್ಕಿಂತ ಮೊದಲ ಒಂದು ವಾರ ದಿನಕ್ಕ ಎಷ್ಟು ಸಲ ಝಳ ಬಂತು, ರಾತ್ರಿ ಎಷ್ಟು ಸಲ ಎಚ್ಚರ ಆತು ಅಂತ ಒಂದು ವಹಿಯಾಗ ಬರೀರಿ, ಆಮ್ಯಾಲೂ ಬರೀತಾ ಹೋಗ್ರಿ, ಯಾಕಂದ್ರ ಔಷಧ ಇಲ್ಲದ ಗುಳಿಗಿ ನುಂಗಿದ್ರೂ ಮೊದಲ ಮೊದಲ ಆರಾಮ ಅನಸ್ತೈತಿ, ವಹಿ ನೋಡಿದ್ರನ ಖರೇ ತಿಳೀತೈತಿ. 12 ವಾರ ಆದ್ರೂ ಫರಕ್ ಇಲ್ಲಂದ್ರ ನಿಲ್ಲಸ್ರಿ. ಡೈಡ್ಜೀನ್ ಅನ್ನೋ ಸೋಯಾದ ಐಸೊಫ್ಲಾವೋನನ್ನ ಈಕ್ವಾಲ್ ಅನ್ನೋ ಇನ್ನೂ ಜೋರಾದ ರೂಪಕ್ಕ ತರೋ ಬ್ಯಾಕ್ಟೀರಿಯಾ ಕೆಲವರ ಕರುಳಿನಾಗ ಅಷ್ಟ ಇರತಾವ, ಅದಕ್ಕ ನೆರೆಮನಿಯಾಕೀಗೆ ಹತ್ತಿದ್ದು ನಿಮಗ ಹತ್ತದಿರಬಹುದು.

ಥೈರಾಯ್ಡ್ ಗುಳಿಗಿ ತಗೊಳ್ಳಾಕತ್ತಿದ್ರ ಅದನ್ನ ಖಾಲಿ ಹೊಟ್ಟಿಗೆ ತಗೊಂಡು ಸೋಯಾಕ್ಕ 4 ತಾಸು ಅಂತರ ಇಡ್ರಿ, ಇಲ್ಲಂದ್ರ ಅದು ಸರಿ ಹೀರ್ಕೊಳ್ಳಂಗಿಲ್ಲ. ಎದಿ ಕ್ಯಾನ್ಸರ್ ಆಗಿದ್ರ ನಿಮ್ಮ ಕ್ಯಾನ್ಸರ್ ಡಾಕ್ಟ್ರನ್ನ ಕೇಳದ ಮುಟ್ಟಬ್ಯಾಡ್ರಿ. ಆರೋಗ್ಯ ಇದ್ದವರಿಗೆ ದಿನಕ್ಕ 35ರಿಂದ 150 ಮಿಲಿಗ್ರಾಂದಾಗ ಎದಿಗೆ, ಗರ್ಭಕೋಶಕ್ಕ ತೊಂದ್ರಿ ಕಾಣಲಿಲ್ಲ ಅಂತ 2015ರಾಗ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳೈತಿ.

ಗುಳಿಗಿ ಬ್ಯಾಡ ಅನಿಸಿದ್ರ ಸೋಯಾಬೀನ್ ಚೊಲೋತಂಗ ಹುರದು, ಜ್ವಾಳದ ಜೋಡಿ ಒಂದೀಟ ಹಾಕಿ ಬೀಸಿ ರೊಟ್ಟಿ ಬಡೀರಿ. ಹಸಿ ಸೋಯಾಬೀನ್ ಮಾತ್ರ ಹಾಕಬ್ಯಾಡ್ರಿ, ಜೀರ್ಣ ಆಗಂಗಿಲ್ಲ.

ಮುಟ್ಟು ನಿಂತು ವರ್ಷ ಆದ ಮ್ಯಾಲೆ ಒಂದು ಹನಿ ರಕ್ತ ಕಂಡ್ರೂ, ಗುಳಿಗಿ ತಗೊಳ್ಳಾಕತ್ತೀನಿ ಅದರದ ಇರಬೇಕು ಅಂತ ಸುಮ್ಮನ ಕೂಡಬ್ಯಾಡ್ರಿ ಅವ್ವಾ, ಅದೇ ವಾರ ಹೆಣ್ಣಮಕ್ಕಳ ಡಾಕ್ಟ್ರಿಗೆ ತೋರಸ್ರಿ.