ಓಕೆ ಅಂದರೆ ವ್ಯಾಪಾರ ಆಯಿತಾ? ಒಂದು ಮಾವಿನ ದಾವೆ ನಡೆಸಿದ ಅನುಭವ

ಶ್ರೀನಿವಾಸಪುರದ ಕಡೆ ಮಾವಿನ ವ್ಯಾಪಾರಕ್ಕೆ ಕಾಗದ ಬರೆಯುವವರು ಕಮ್ಮಿ. ಫೋನಿನಲ್ಲಿ ಮಾತು, ವಾಟ್ಸಾಪಿನಲ್ಲಿ ಎರಡು ಸಾಲು, ಒಂದಿಷ್ಟು ಅಡ್ವಾನ್ಸು. ರೇಟು ಬಿದ್ದಾಗಲೇ ವಕೀಲರ ನೆನಪಾಗುವುದು. ಅಂಥ ಒಂದು ತೋತಾಪುರಿ ದಾವೆಯಲ್ಲಿ ನಾನು ಬೆಳೆಗಾರರ ಪರ ಇದ್ದೆ. ಚಿತ್ತೂರು ಕಡೆಯ ವ್ಯಾಪಾರಿ ಹಣ್ಣು ಒಯ್ಯಲೇ ಇಲ್ಲ. ಅವರ ತಕರಾರು ಇಷ್ಟೇ: ಸುಮ್ನೆ ರೇಟು ವಿಚಾರಿಸಿದ್ದೆ, ವ್ಯಾಪಾರ ಆಗಿಲ್ಲ.

"ಲಾಯರ್ ಸಾರ್, ಓಕೆ ಅಂತ ಹಾಕವ್ರಲ್ಲ, ಇನ್ನೇನು ಬೇಕು?" ಅಂದರು ನಮ್ಮ ಕಕ್ಷಿದಾರರು. ಇನ್ನೂ ಬೇಕಿತ್ತು. ವ್ಯಾಪಾರಿ ಕೇಳಿದ್ದು "ಕಡೇ ರೇಟು ಎಷ್ಟು?" ಅಂತ. ಇವರು "ಕೆಜಿಗೆ 18ಕ್ಕೆ ಕಮ್ಮಿ ಆಗಲ್ಲ" ಅಂದಿದ್ದರು. ಆಮೇಲೆ ಓಕೆ ಬಂದಿತ್ತು. ಇಲ್ಲೇ ಎದುರು ವಕೀಲರು 1951ರ ಸುಪ್ರೀಂ ಕೋರ್ಟ್ ತೀರ್ಪು ತೆಗೆದರು, ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ. ಮಡಿಕೇರಿಯ ಬಂಗಲೆಗೆ "ಹತ್ತು ಸಾವಿರಕ್ಕೆ ಕಮ್ಮಿ ಒಪ್ಪಲ್ಲ" ಅಂತ ಮಾಲೀಕರ ತಂತಿ ಬಂದಿತ್ತು. ಕೊಳ್ಳುವವರು ಹತ್ತು ಸಾವಿರಕ್ಕೆ ಒಪ್ಪಿದರೂ ಕರಾರು ಆಗಿಲ್ಲ ಅಂದಿತು ಕೋರ್ಟು. ಕಡೇ ರೇಟು ಹೇಳುವುದು ಬೇರೆ, ಆ ರೇಟಿಗೆ ಕೊಡ್ತೀನಿ ಅನ್ನುವುದು ಬೇರೆ.

ಆ ತೀರ್ಪಿನ ಜೊತೆ ನಾನು ಗುದ್ದಾಡಲಿಲ್ಲ. ಓಕೆ ಅನ್ನುವುದು ಒಪ್ಪಿಗೆ ಅಲ್ಲ, 18ಕ್ಕೆ ಕೊಳ್ಳುತ್ತೇನೆ ಅನ್ನುವ ವ್ಯಾಪಾರಿಯ ಪ್ರಸ್ತಾಪ ಅಂತಲೇ ವಾದಿಸಿದೆ. ಅದರ ಬೆನ್ನಿಗೇ ಅಡ್ವಾನ್ಸು ಬಂತು, ನಮ್ಮವರು ಇಟ್ಟುಕೊಂಡರು. ಪ್ರಸ್ತಾಪದ ಜೊತೆ ಬಂದದ್ದನ್ನು ತೆಗೆದುಕೊಂಡರೆ ಅದೇ ಒಪ್ಪಿಗೆ, 1872ರ ಕರಾರು ಕಾಯ್ದೆಯ 8ನೇ ಸೆಕ್ಷನ್. ಬರಹ ಇಲ್ಲ ಅನ್ನುವ ತಕರಾರಿಗೆ 1930ರ ಸರಕು ಮಾರಾಟ ಕಾಯ್ದೆಯ 5ನೇ ಸೆಕ್ಷನ್ ಸಾಕಾಯಿತು. ಬಾಯಿಮಾತಲ್ಲಿ ಆಗಬಹುದು, ನಡವಳಿಕೆಯಿಂದಲೂ ಆಗಬಹುದು.

ಅಷ್ಟಕ್ಕೂ ಕೇಸು ನಿಂತಿದ್ದು ಕ್ರೇಟುಗಳ ಮೇಲೆ. ವ್ಯಾಪಾರಿಯ ಕ್ರೇಟುಗಳು ತೋಟಕ್ಕೆ ಬಂದು ಬಿದ್ದಿದ್ದವು. ಪಾಟಿ ಸವಾಲಿನಲ್ಲಿ ಕೇಳಿದೆ: ವ್ಯಾಪಾರ ಆಗದೆ ಕ್ರೇಟು ಯಾಕೆ ಕಳಿಸಿದಿರಿ? "ಮುಂದೆ ಬೇಕಾಗಬಹುದು ಅಂತ" ಅಂದರು. ಮನಸ್ಸಿನಲ್ಲಿ ಏನಿತ್ತು ಅಂತ ಜಡ್ಜ್ ಹುಡುಕುವುದಿಲ್ಲ. ಇಬ್ಬರ ಮಾತು, ನಡತೆ ನೋಡಿದ ಮೂರನೆಯವನಿಗೆ ಏನನ್ನಿಸುತ್ತದೆ ಅನ್ನುವುದೇ ಅವರ ಅಳತೆ. ದಾಗಿ ಹಣ್ಣಿನ, ಅಂದರೆ ಕಲೆ ಬಿದ್ದ ಹಣ್ಣಿನ, ರೇಟು ಮಾತಾಡಿರಲಿಲ್ಲ ಅಂತಲೂ ಎದುರು ವಕೀಲರು ಎಳೆದರು. ಬೆಲೆ ಗೊತ್ತುಮಾಡದ ಕಡೆ ನ್ಯಾಯವಾದ ಬೆಲೆ ಅಂತ ಅದೇ ಸರಕು ಮಾರಾಟ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ ಅಲ್ವಾ!

ಯಾವ ಊರಿನ ಕೋರ್ಟು ಅನ್ನುವುದೂ ಸಣ್ಣ ಜಗಳ ಅಲ್ಲ. ಫೋನಿನಲ್ಲಿ ಒಪ್ಪಿದರೆ, ಒಪ್ಪಿಗೆ ಕೇಳಿಸಿಕೊಂಡವರ ಊರಲ್ಲಿ ಕರಾರು ಆಗುತ್ತದೆ. ಹತ್ತಿಬೀಜದ ಹಿಂಡಿಯ ಕೇಸಿನಲ್ಲಿ ಸುಪ್ರೀಂ ಕೋರ್ಟಿನ 1965ರ ಭಗವಾನ್‌ದಾಸ್ ತೀರ್ಪು ಹೇಳಿದ್ದು ಅದೇ. ನಮ್ಮವರು ಫೋನಿನಲ್ಲಿ ಒಪ್ಪಿದ್ದರೆ ಕರಾರು ಚಿತ್ತೂರಿನದಾಗುತ್ತಿತ್ತು. ಒಪ್ಪಿಗೆ ಅಡ್ವಾನ್ಸು ಇಟ್ಟುಕೊಂಡದ್ದರಿಂದ ಆಯಿತು ಅಂತ ತೋರಿಸಿದ್ದೆ, ಹಣ್ಣು ಒಪ್ಪಿಸುವ ಜಾಗವೂ ತೋಟವೇ. ದಾವೆ ಇಲ್ಲೇ ಉಳಿಯಿತು.

ವಾಟ್ಸಾಪಿನ ಪ್ರಿಂಟು ಬರಿಗೈಲಿ ಕೊಟ್ಟರೆ ನಡೆಯಲ್ಲ. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಅದು ಯಾವ ಫೋನಿನಿಂದ ಹೇಗೆ ತೆಗೆದದ್ದು ಅನ್ನುವ ಸರ್ಟಿಫಿಕೇಟ್ ಬೇಕು. ಮೆಸೇಜು ಅಳಿಸಬೇಡಿ, ಫೋನು ಮಾರಬೇಡಿ ಅಂತ ಮೊದಲ ದಿನವೇ ಹೇಳಿದ್ದೆ.

ನಮ್ಮ ಪರ ಡಿಕ್ರಿ ಆಯಿತು, ಅಂದರೆ ವ್ಯಾಪಾರಿ ಹಣ ಕೊಡಬೇಕು ಅಂದಿತು ಕೋರ್ಟು. ಆದರೆ ಕೆಜಿಗೆ 18ರಂತೆ ಪೂರ್ತಿ ಅಲ್ಲ. ಮಾತಾಡಿದ ರೇಟಿಗೂ ಆಗಿನ ಮಾರ್ಕೆಟ್ ರೇಟಿಗೂ ಇದ್ದ ವ್ಯತ್ಯಾಸ, ಅದರಲ್ಲಿ ಅಡ್ವಾನ್ಸು ಕಳೆದು. ಹಣ್ಣನ್ನು ನಮ್ಮವರು ಕೊನೆಗೆ ಮಂಡಿಯಲ್ಲಿ ಮಾರಿದ್ದರಲ್ಲ, ಅದಕ್ಕೆ. ಕಕ್ಷಿದಾರರಿಗೆ ಇದು ಇನ್ನೂ ಸಮಾಧಾನ ಇಲ್ಲ.