ತೋಟದ ತೊರೆಯಲ್ಲಿ ಎಷ್ಟು ಕರೆಂಟಿದೆ? ಬಕೆಟ್ ಹಿಡಿದು ಅಳೆಯಿರಿ

ಕೊಡಗಿನಲ್ಲಿ ಮನೆ ಇರುವವರಿಗೆ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ರಾತ್ರಿ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಸಂಜೆ ಗಾಳಿ ಎದ್ದಿತೆಂದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬಿತ್ತು ಎಂದೇ ಲೆಕ್ಕ. ಆಮೇಲೆ ಕರೆಂಟು ಬೆಳಗ್ಗೆ ಬರಬಹುದು, ನಾಲ್ಕು ದಿನ ಬಿಟ್ಟೂ ಬರಬಹುದು. ಲೈನ್‌ಮ್ಯಾನ್‌ಗಳನ್ನು ಬೈದು ಪ್ರಯೋಜನವಿಲ್ಲ. ಆ ಮಳೆಯಲ್ಲಿ ಕಂಬ ಹತ್ತುವವರು ಅವರೇ ತಾನೆ. ಇನ್ವರ್ಟರ್ ಸ್ವಲ್ಪ ಹೊತ್ತು ಕೀಂಯ್ ಎಂದು ಕೂಗಿ ಸುಮ್ಮನಾಗುತ್ತದೆ. ಮನೆ ಹಿಂದಿನ ತೊರೆ ಮಾತ್ರ ರಾತ್ರಿಯಿಡೀ ಭೋರ್ಗರೆಯುತ್ತಿರುತ್ತದೆ.

ಆ ತೊರೆಯ ನೀರಿನಿಂದಲೇ ಮನೆಯ ಬಲ್ಬು ಉರಿಸಬಹುದು. ಫ್ರಿಜ್ ಓಡಿಸಬಹುದು. ಮಿಕ್ಕಿದ್ದರಲ್ಲಿ ಸ್ನಾನದ ನೀರೂ ಕಾಯಿಸಬಹುದು. ಇದೇನು ಹೊಸ ವಿದ್ಯೆಯಲ್ಲ. ನಮ್ಮ ತಲಕಾವೇರಿಯಿಂದ ಹೊರಟ ನೀರೇ 1902ರಲ್ಲಿ ಶಿವನಸಮುದ್ರದಲ್ಲಿ ಯಂತ್ರ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿತು. ಬೆಂಗಳೂರಿಗೆ ಬೀದಿದೀಪ ಬಂದದ್ದು 1905ರಲ್ಲಿ, ಅದೂ ಅಲ್ಲಿಂದಲೇ. ಅದೇ ಕೆಲಸವನ್ನು ಒಂದು ಮನೆಯ ಅಳತೆಗೆ ಇಳಿಸಿದರೆ ಅದಕ್ಕೆ ಪಿಕೋ ಹೈಡ್ರೊ ಎನ್ನುತ್ತಾರೆ. 5 ಕಿಲೋವಾಟ್ ಒಳಗಿನದು. ಅಣೆಕಟ್ಟೆ ಬೇಡ, ಕಾಡು ಮುಳುಗಿಸಬೇಕಾಗಿಲ್ಲ. ಮೇಲಿನಿಂದ ಪೈಪಿನಲ್ಲಿ ತಂದ ನೀರು ಚಕ್ರ ತಿರುಗಿಸಿ ಮತ್ತೆ ಅದೇ ತೊರೆಗೆ ಸೇರುತ್ತದೆ.

‘ಸೋಲಾರ್ ಹಾಕಿದರೆ ಆಗುವುದಿಲ್ವಾ?’ ಎಂದು ಕೇಳುವವರಿದ್ದಾರೆ. ಖಂಡಿತ ಹಾಕಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30 ಸಾವಿರ, 2 ಕಿಲೋವಾಟ್‌ಗೆ 60 ಸಾವಿರ, 3 ಅಥವಾ ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಆದರೆ ಎರಡು ಮಾತು ನೆನಪಿರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಭಾಗಮಂಡಲ, ನಾಪೋಕ್ಲು, ಕಕ್ಕಬ್ಬೆ ಕಡೆ ಬಿಸಿಲನ್ನು ನಂಬಿ ಕೂರುವ ಹಾಗಿಲ್ಲ. ಎರಡನೆಯದು ಬಹಳ ಜನರಿಗೆ ಗೊತ್ತಿಲ್ಲ: ಬ್ಯಾಟರಿ ಇಲ್ಲದೆ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಲೈನಿಗೆ ಸೇರಿಸಿದ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಬಿಸಿಲಿಲ್ಲದ, ಲೈನೂ ಇಲ್ಲದ ತಿಂಗಳುಗಳಲ್ಲಿ ನಮ್ಮಲ್ಲಿ ಇರುವುದು ನೀರೊಂದೇ.

ಎಲ್ಲರ ತೊರೆಯಲ್ಲೂ ಇದು ಆಗುವುದಿಲ್ಲ. ಹಾಗಾಗಿ ಯಂತ್ರದ ಅಂಗಡಿಗೆ ಫೋನ್ ಮಾಡುವ ಮೊದಲು ಅಳತೆ ಮಾಡಿ. ನಾನು ಇದನ್ನು ಉಲ್ಟಾ ಮಾಡಿ ಕೈ ಸುಟ್ಟುಕೊಂಡವನು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನೀರು ಅಳೆಯಿರಿ

ಸಣ್ಣ ತೊರೆಯಾದರೆ ಸುಲಭ. ಒಂದು ಕಡೆ ಕಲ್ಲು, ಮಣ್ಣು ಇಟ್ಟು ನೀರನ್ನೆಲ್ಲ ಒಂದು ತುಂಡು ಪೈಪಿಗೆ ಬರುವ ಹಾಗೆ ಮಾಡಿ. ಕೆಳಗೆ 20 ಲೀಟರಿನ ಪೇಂಟ್ ಬಕೆಟ್ ಹಿಡಿಯಿರಿ. ತುಂಬಲು 4 ಸೆಕೆಂಡ್ ಬೇಕಾಯಿತು ಎಂದರೆ ಸೆಕೆಂಡಿಗೆ 5 ಲೀಟರ್. ಒಂದೇ ಸಲಕ್ಕೆ ನಂಬಬೇಡಿ, ಐದಾರು ಸಲ ಹಿಡಿಯಿರಿ. ಬಕೆಟ್ 2 ಸೆಕೆಂಡಿಗೇ ತುಂಬಿದರೆ ಕೈಲೆಕ್ಕ ತಪ್ಪುತ್ತದೆ, ಆಗ 200 ಲೀಟರಿನ ಡ್ರಮ್ಮೇ ಬೇಕು.

ತೊರೆ ದೊಡ್ಡದಾದರೆ ಒಂದು ಕಿತ್ತಳೆ ತನ್ನಿ. ತಮಾಷೆಯಲ್ಲ! ಕಿತ್ತಳೆ ಮುಕ್ಕಾಲು ಮುಳುಗಿ ತೇಲುತ್ತದೆ, ಗಾಳಿಗೆ ಅಷ್ಟಾಗಿ ಜಗ್ಗುವುದಿಲ್ಲ. ನೀರು ನೇರವಾಗಿ ಹರಿಯುವ ಜಾಗದಲ್ಲಿ 5 ಮೀಟರ್ ಅಳೆದು ಎರಡು ಕೋಲು ನೆಡಿ. ಮೇಲಿನ ಕೋಲಿನ ಹತ್ತಿರ ಹಣ್ಣು ಬಿಟ್ಟು, ಕೆಳಗಿನ ಕೋಲು ದಾಟಲು ಎಷ್ಟು ಸೆಕೆಂಡ್ ಬೇಕು ನೋಡಿ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ತೊರೆಯ ಅಗಲ ಅಳೆಯಿರಿ. ಆಳವನ್ನು ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಿರಿ.

ಅಗಲ ಅರ್ಧ ಮೀಟರ್, ಆಳ 10 ಸೆಂಟಿಮೀಟರ್, ಕಿತ್ತಳೆಗೆ 20 ಸೆಕೆಂಡ್ ಬೇಕಾಯಿತು ಅಂತಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಕಾಲು ಮೀಟರ್ ವೇಗ. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಹನ್ನೆರಡೂವರೆ ಲೀಟರ್ ಬರುತ್ತದೆ. ಆದರೆ ತಳದ ಕಲ್ಲಿನ ಹತ್ತಿರ ನೀರು ಮೇಲಿನಷ್ಟು ಜೋರಾಗಿ ಓಡುವುದಿಲ್ಲ. ಅದಕ್ಕೆ 0.7ರಿಂದ ಗುಣಿಸಿ. ಸುಮಾರು 9 ಲೀಟರ್.

ಈ 9 ಲೀಟರನ್ನೂ ಪೈಪಿಗೆ ಹಾಕುವ ಆಸೆ ಬೇಡ. ಪೈಪಿನ ಬಾಯಿಗೂ ಯಂತ್ರಕ್ಕೂ ನಡುವಿನ ತೊರೆ ಒಣಗಿದರೆ ಅಲ್ಲಿರುವ ಮೀನು, ಏಡಿ, ಕಪ್ಪೆ ಎಲ್ಲಿಗೆ ಹೋಗಬೇಕು? ಹೆಚ್ಚುಕಡಿಮೆ ಅರ್ಧದಷ್ಟು ತೊರೆಗೇ ಬಿಡಿ. ನಾವು 5 ಲೀಟರ್ ತೆಗೆದುಕೊಳ್ಳೋಣ.

ಅಳೆಯುವ ದಿನ ಯಾವುದು ಎಂಬುದೂ ಮುಖ್ಯ. ಜುಲೈನಲ್ಲಿ ಅಳೆದರೆ ಎಲ್ಲ ತೊರೆಯೂ ಕಾವೇರಿಯೇ. ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ (ಸೆಪ್ಟೆಂಬರ್ ಮೊದಲಲ್ಲಿ) ಒಂದು ಸಲ, ಪುತ್ತರಿ ಹೊತ್ತಿಗೆ (ನವೆಂಬರ್ ಕೊನೆ, ಡಿಸೆಂಬರ್) ಇನ್ನೊಂದು ಸಲ ಅಳೆಯಿರಿ. ಕಡಿಮೆ ಬಂದ ಲೆಕ್ಕಕ್ಕೇ ಯಂತ್ರ ಆರಿಸಿ. ಮಳೆಗಾಲದಲ್ಲಿ ಸೊಂಟದ ತನಕ ನೀರಿದ್ದಾಗ ತೊರೆಗೆ ಇಳಿಯುವುದು ಬೇಡವೇ ಬೇಡ. ಇಂಬಳ ಹತ್ತಿದರೆ ಉಪ್ಪು ಹಾಕಿ ತೆಗೆಯಬಹುದು, ಕಾಲು ಜಾರಿದರೆ ಕಷ್ಟ.

ಆಮೇಲೆ ಎತ್ತರ

ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ ಎಂಬುದು ನೀರಿನಷ್ಟೇ ಮುಖ್ಯ. ಕೊಡಗಿನವರಿಗೆ ಇದರಲ್ಲಿ ದೇವರ ದಯೆ ಇದೆ, ಸಮತಟ್ಟು ಜಾಗ ಹುಡುಕುವುದೇ ನಮಗೆ ಕಷ್ಟ. ಮೊಬೈಲಿನ ಎತ್ತರ ತೋರಿಸುವ ಆ್ಯಪ್ ನಂಬಬೇಡಿ. ಮರಗಳ ಕೆಳಗೆ ಅದು ಹತ್ತು ಮೀಟರ್ ಆಚೆ ಈಚೆ ಹೇಳಿಬಿಡುತ್ತದೆ.

ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನಿಂದ ಗುಡ್ಡದ ಮೇಲಿಂದ ಕೆಳಗಿನವರೆಗೆ ಹಂತ ಹಂತವಾಗಿ ಅಳೆದು ಕೂಡಿಸಬಹುದು. ಇದಕ್ಕೆ ಇಬ್ಬರು ಬೇಕು, ಅರ್ಧ ದಿನವೂ ಬೇಕು. ನನಗೆ ಇದಕ್ಕಿಂತ ಇಷ್ಟವಾದದ್ದು ಪ್ರೆಷರ್ ಗೇಜ್. ತೋಟಕ್ಕೆ ನೀರು ಬಿಡುವ ಉದ್ದನೆಯ ಹೋಸ್ ಪೈಪನ್ನು ಮೇಲಿನಿಂದ ಕೆಳಗಿನವರೆಗೆ ಎಳೆಯಿರಿ. ಗಾಳಿಯ ಗುಳ್ಳೆ ಇಲ್ಲದಂತೆ ನೀರು ತುಂಬಿಸಿ ಕೆಳತುದಿಗೆ ಗೇಜ್ ಕಟ್ಟಿ. ನೀರು ನಿಂತಿರಬೇಕು, ಹರಿಯಬಾರದು. ಗೇಜ್ 1 ಕೆಜಿ ತೋರಿಸಿದರೆ 10 ಮೀಟರ್ ಎತ್ತರ, 2 ಕೆಜಿ ತೋರಿಸಿದರೆ 20 ಮೀಟರ್. ಹತ್ತು ನಿಮಿಷದ ಕೆಲಸ.

ಈಗ ಗುಣಿಸಿ

ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರ, ಎರಡನ್ನೂ ಗುಣಿಸಿ ಮತ್ತೆ 5ರಿಂದ ಗುಣಿಸಿ. ಬಂದದ್ದು ವಾಟ್. ಪುಸ್ತಕದ ಲೆಕ್ಕದಲ್ಲಿ 9.8ರಿಂದ ಗುಣಿಸಬೇಕು. ಸಣ್ಣ ಯಂತ್ರಗಳಲ್ಲಿ ಹೆಚ್ಚುಕಡಿಮೆ ಅರ್ಧ ಶಕ್ತಿ ದಾರಿಯಲ್ಲೇ ಹೋಗುವುದರಿಂದ 5 ಸಾಕು.

ನಮ್ಮ ತೊರೆಯಲ್ಲಿ 5 ಲೀಟರ್, 20 ಮೀಟರ್. 5 × 20 × 5, ಅಂದರೆ 500 ವಾಟ್.

‘ಅಷ್ಟೇನಾ? ಗೀಸರ್‌ಗೇ 2000 ಬೇಕು’ ಎಂದು ಮೂಗು ಮುರಿಯಬೇಡಿ. ಸೋಲಾರ್ ಹಗಲು ನಾಲ್ಕೈದು ಗಂಟೆ ಚೆನ್ನಾಗಿ ಕೊಡುತ್ತದೆ. ತೊರೆಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. 500 ವಾಟ್ 24 ಗಂಟೆ ಬಂದರೆ ದಿನಕ್ಕೆ 12 ಯೂನಿಟ್. ಐದು ತಿಂಗಳಿಗೆ 1800 ಯೂನಿಟ್. ನಮ್ಮ ದೇಶದ ಲೈನಿನಲ್ಲಿ ಬರುವ ಒಂದೊಂದು ಯೂನಿಟ್‌ಗೂ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ಜಾಸ್ತಿ ಕರೆಂಟು ಕಲ್ಲಿದ್ದಲಿನಿಂದಲೇ ಬರುವುದರಿಂದ. ಪೂರ್ತಿ ಬಳಸಿದಿರಾದರೆ ಒಂದು ಮಳೆಗಾಲಕ್ಕೆ ಒಂದೂಕಾಲು ಟನ್ ಉಳಿಯಿತು.

ಬಿಲ್ ಉಳಿಸಲಿಕ್ಕೆ ಅಂತಲೇ ಹೊರಟಿದ್ದರೆ ಮಾತ್ರ ಇಲ್ಲೇ ನಿಲ್ಲಿಸಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಬಹುತೇಕ ಮನೆಗಳಿಗೆ ಬಿಲ್ಲೇ ಬರದಿರುವಾಗ ದುಡ್ಡಿನ ಲೆಕ್ಕ ಕೂಡುವುದಿಲ್ಲ. ಇದು ಕರೆಂಟೇ ಇಲ್ಲದ ರಾತ್ರಿಗಳಿಗಾಗಿ ಮಾಡುವ ಕೆಲಸ.

ಪೈಪಿನಲ್ಲೇ ಎಲ್ಲ ಇರುವುದು

ನಾನು ಕೈ ಸುಟ್ಟುಕೊಂಡದ್ದು ಇಲ್ಲಿ. ಕಾಫಿಗೆ ಹೂಮಳೆ ಕೊಡುವ ಕಾಲದಲ್ಲಿ ಬಳಸುತ್ತಿದ್ದ ಎರಡಿಂಚಿನ ಹಳೇ ಪೈಪು ಶೆಡ್ಡಿನಲ್ಲಿ ಬಿದ್ದಿತ್ತು. ಸುಮ್ನೆ ಹೊಸದಕ್ಕೆ ಯಾಕೆ ದುಡ್ಡು ಎಂದು ಅದನ್ನೇ ಎಳೆದೆ. ಯಂತ್ರ ತಿರುಗಿತು, ಎರಡು ಬಲ್ಬು ಮಂಕಾಗಿ ಉರಿದವು, ಅಷ್ಟೇ. ಯಂತ್ರ ಕೊಟ್ಟವರ ಮೇಲೆ ಒಂದು ವಾರ ಕೂಗಾಡಿದೆ. ಕೊನೆಗೆ ಪಕ್ಕದ ತೋಟದ ಪಂಪ್ ರಿಪೇರಿ ಹುಡುಗ ಬಂದು ಪೈಪಿನ ಮೇಲೆ ಕೈಯಿಟ್ಟ. ‘ಅಣ್ಣಾ, ನೀರಿಗೆ ಉಸಿರು ಕಟ್ತಾ ಉಂಟು, ಪೈಪು ದೊಡ್ಡದು ಹಾಕಿ’ ಎಂದ.

ಲೆಕ್ಕ ಹಾಕಿ ನೋಡಿದರೆ ಅವನು ಹೇಳಿದ್ದೇ ಸರಿ. ಸೆಕೆಂಡಿಗೆ 5 ಲೀಟರ್ ನೀರನ್ನು ಎರಡಿಂಚಿನ ಪೈಪಿನಲ್ಲಿ 100 ಮೀಟರ್ ಓಡಿಸಿದರೆ, 20 ಮೀಟರ್ ಎತ್ತರದಲ್ಲಿ ಸುಮಾರು 12 ಮೀಟರಿನ ಬಲ ಪೈಪಿನ ಒಳಮೈಗೆ ಉಜ್ಜಿಕೊಂಡೇ ಹೋಗುತ್ತದೆ. ಮೂರಿಂಚಿನ ಪೈಪಿನಲ್ಲಿ ಹೋಗುವುದು 2 ಮೀಟರ್‌ಗಿಂತಲೂ ಕಡಿಮೆ. ಒಂದಿಂಚಿನ ವ್ಯತ್ಯಾಸ! ಯಂತ್ರಕ್ಕಿಂತ ಪೈಪಿಗೇ ಜಾಸ್ತಿ ದುಡ್ಡು ಹೋದರೂ ಇಲ್ಲಿ ಜುಗ್ಗತನ ಮಾಡಬೇಡಿ. ಬೆಂಡ್‌ಗಳು ಕಡಿಮೆ ಇರಲಿ. ಪೈಪನ್ನು ಮಣ್ಣಿನಲ್ಲಿ ಹೂಳಿ. ಬಿಸಿಲಿಗೂ ಒಳ್ಳೆಯದು, ಆನೆ ಬರುವ ತೋಟವಾದರೆ ಅದಕ್ಕೂ ಒಳ್ಳೆಯದು.

ಪೈಪಿನ ಬದಲು ಗುಡ್ಡದ ಮೈಯಲ್ಲಿ ಕಾಲುವೆ ತೋಡಿ ನೀರು ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮೇಲೆ ಕೆರೆ ತೋಡಿ ನೀರು ನಿಲ್ಲಿಸುವುದೂ ಬೇಡ. ಇಳಿಜಾರಿನ ಮಣ್ಣಿಗೆ ನೀರು ಇಂಗಿಸಿದರೆ ಏನಾಗುತ್ತದೆ ಎಂದು 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಗೊತ್ತು. ನೀರು ಪೈಪಿನೊಳಗೇ ಇರಲಿ, ಜಾಯಿಂಟ್ ಸೋರುತ್ತಿದ್ದರೆ ಅದೇ ದಿನ ಸರಿ ಮಾಡಿ.

ಪೈಪಿನ ಬಾಯಿಗೆ ಜಾಲರಿ ಬೇಕೇ ಬೇಕು. ಅದರ ಹಿಂದೆ ಮರಳು ತಳ ಹಿಡಿಯಲು ಒಂದು ಸಣ್ಣ ಸಿಮೆಂಟ್ ತೊಟ್ಟಿ. ಸಿಲ್ವರ್ ಓಕ್ ಎಲೆಯಂಥ ಶತ್ರು ಇನ್ನೊಂದಿಲ್ಲ. ಒದ್ದೆಯಾದ ಎಲೆ ಜಾಲರಿಗೆ ಅಂಟಿದರೆ ಬಾಳೆ ಎಲೆ ಹಾಸಿದ ಹಾಗೆ ಮುಚ್ಚಿಬಿಡುತ್ತದೆ. ಜಾಲರಿಯನ್ನು ನೆಟ್ಟಗೆ ನಿಲ್ಲಿಸದೆ, ನೀರು ಮೇಲಿಂದ ಜಾರುವ ಹಾಗೆ ಓರೆಯಾಗಿ ಕೂರಿಸಿದರೆ ಎಲೆಗಳು ತಾವೇ ಜಾರಿ ಹೋಗುತ್ತವೆ. ಎಲ್ಲವೂ ಅಲ್ಲ, ಮುಕ್ಕಾಲು ಪಾಲು.

ಯಂತ್ರ, ವೈರು ಮತ್ತು ಬಚ್ಚಲು

ನೀರು ಕಡಿಮೆ, ಎತ್ತರ ಜಾಸ್ತಿ ಇದ್ದರೆ ಸುತ್ತ ಬಟ್ಟಲುಗಳಿರುವ ಪೆಲ್ಟನ್ ಚಕ್ರ. ನೀರು ಜಾಸ್ತಿ, ಎತ್ತರ ಎರಡು ಮೂರು ಮೀಟರ್ ಮಾತ್ರ ಎಂದರೆ ಫ್ಯಾನಿನ ರೆಕ್ಕೆಯಂಥದ್ದು. ನಿಮ್ಮ ಎರಡು ಅಳತೆ ಕೊಟ್ಟರೆ ಯಂತ್ರ ಮಾಡುವವರೇ ಹೇಳುತ್ತಾರೆ. ಅಳತೆ ಕೇಳದೆಯೇ ಬೆಲೆ ಹೇಳುವವರ ಹತ್ತಿರ ಕೊಳ್ಳಬೇಡಿ.

ಯಂತ್ರದ ಜೊತೆ ಲೋಡ್ ಕಂಟ್ರೋಲರ್ ಎಂಬ ಒಂದು ಪೆಟ್ಟಿಗೆ ಬರುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ. ನೀರು ಒಂದೇ ಸಮ ಬರುತ್ತಿರುತ್ತದೆ, ಮನೆಯವರು ಲೈಟ್ ಆರಿಸಿ ಮಲಗಿದರು ಅಂದುಕೊಳ್ಳಿ. ಕರೆಂಟಿಗೆ ಹೋಗಲು ಜಾಗವಿಲ್ಲದಿದ್ದರೆ ಯಂತ್ರ ಹುಚ್ಚೆದ್ದು ಓಡಿ ವೋಲ್ಟೇಜ್ ಏರುತ್ತದೆ. ಈ ಪೆಟ್ಟಿಗೆ ಮಿಕ್ಕ ಕರೆಂಟನ್ನು ಒಂದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಆ ಕಾಯಿಲನ್ನು ಶಾಖ ಹಿಡಿದಿಡುವ ನೀರಿನ ಟ್ಯಾಂಕಿನೊಳಗೆ ಇಡಿ. ರಾತ್ರಿ 8 ಗಂಟೆ 400 ವಾಟ್ ಹೋದರೂ 100 ಲೀಟರ್ ನೀರು 20 ಡಿಗ್ರಿಯಿಂದ 47ರ ಹತ್ತಿರ ಬಂದಿರುತ್ತದೆ. ಬೆಳಗ್ಗೆ ಎದ್ದು ಹಂಡೆ ಒಲೆಗೆ ಒದ್ದೆ ಸೌದೆ ತುರುಕಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುವುದು ತಪ್ಪಿತು. ನಮ್ಮ ಮನೆಯಲ್ಲಿ ಬಲ್ಬಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಬಚ್ಚಲು.

500 ವಾಟ್‌ನಲ್ಲಿ 9 ವಾಟ್‌ನ ಹತ್ತು ಎಲ್‌ಇಡಿ, ಟಿವಿ, ಮೊಬೈಲ್, ವೈಫೈ ಸಲೀಸು. ಫ್ರಿಜ್ ಶುರುವಾಗುವಾಗ ಒಂದು ಕ್ಷಣ ಕೆಲವು ಪಟ್ಟು ಜಾಸ್ತಿ ಎಳೆಯುತ್ತದೆ, ಅದನ್ನು ಯಂತ್ರದವರಿಗೆ ಮೊದಲೇ ಹೇಳಿ. ಮಿಕ್ಸಿ ಹಾಕುವಾಗ ಉಳಿದದ್ದು ಆರಿಸಿ. ಇಸ್ತ್ರಿ ಪೆಟ್ಟಿಗೆ, ಗೀಸರ್, ಮೋಟಾರು ಬೇಡ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ತೊರೆಯ ಕರೆಂಟು ಮತ್ತು ಸೆಸ್ಕ್ ಕರೆಂಟಿನ ನಡುವೆ ಒಂದು ಸಲಕ್ಕೆ ಒಂದನ್ನೇ ಮನೆಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಅದಿಲ್ಲದೆ ಜೋಡಿಸಿದರೆ ನಿಮ್ಮ ಕರೆಂಟು ಟ್ರಾನ್ಸ್‌ಫಾರ್ಮರ್ ದಾಟಿ ಸಾವಿರಾರು ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಅಲ್ಲಿ ಯಾರದೋ ಮಗ ಕಂಬದ ಮೇಲಿರುತ್ತಾನೆ. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅರ್ಥಿಂಗ್ ಮತ್ತು ಸಿಡಿಲು ತಡೆಯುವ ಸಾಧನ ಕೂಡ ಅವರೇ ಹಾಕಲಿ.

ಯಾರನ್ನು ಕೇಳಬೇಕು?

ತೊರೆ ನಿಮ್ಮ ತೋಟದೊಳಗೆ ಹರಿದರೂ ನೀರು ನಿಮ್ಮದಲ್ಲ. ಹರಿಯುವ ನೀರು ಸರ್ಕಾರದ ಸ್ವತ್ತು ಎಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ ಹೇಳುತ್ತದೆ. ಪಂಚಾಯಿತಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಮೊದಲೇ ಕೇಳಿ. ಪೈಪಿನ ಬಾಯಿ ಪೈಸಾರಿ (ಸರ್ಕಾರಿ) ಜಾಗದಲ್ಲೋ ಅರಣ್ಯದಲ್ಲೋ ಬರುವುದಾದರೆ ಆಯಾ ಇಲಾಖೆಯ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಸರಿಸಬೇಡಿ. ದೇವರಕಾಡಿನೊಳಗಿನ ತೊರೆಯಾದರೆ ಆ ಯೋಚನೆಯೇ ಬೇಡ. ಕಾಗದಕ್ಕಿಂತ ಮೊದಲು ಕೆಳಗಿನ ಗದ್ದೆಯವರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ನೀರು ತೊರೆಗೇ ವಾಪಸ್ ಬರುತ್ತದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಯಂತ್ರದಿಂದ ನೀರು ಹೊರಬರುವ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿ.

ಮಳೆಗಾಲ ಪೂರ್ತಿ ದಿನಕ್ಕೊಮ್ಮೆ ಜಾಲರಿ ನೋಡಬೇಕು. ಜೋರು ಮಳೆ ಬಂದ ಮರುದಿನ ತೊಟ್ಟಿಯ ಮರಳು ತೆಗೆಯಬೇಕು, ಇಲ್ಲದಿದ್ದರೆ ಆ ಮರಳು ಚಕ್ರದ ಬಟ್ಟಲುಗಳನ್ನು ಉಪ್ಪುಕಾಗದದ ಹಾಗೆ ತಿನ್ನುತ್ತದೆ. ಪುತ್ತರಿ ಕಳೆದು ನೀರು ಇಳಿಯುತ್ತಾ ಬಂದಾಗ ಮೇಲಿನ ವಾಲ್ವ್ ಮುಚ್ಚಿ. ಪೈಪು ಪೂರ್ತಿ ಖಾಲಿ ಮಾಡಿ. ಬೇರಿಂಗಿಗೆ ಗ್ರೀಸ್ ಹಾಕಿ, ಯಂತ್ರದ ಮೇಲೆ ಒಂದು ಹಳೇ ಗೋಣಿಚೀಲ ಹೊದಿಸಿ. ಆ ಹೊತ್ತಿಗೆ ಬಿಸಿಲು ಚೆನ್ನಾಗಿ ಬಿದ್ದಿರುತ್ತದೆ. ಸೋಲಾರ್ ಇದ್ದವರು ಮಳೆಗಾಲದಲ್ಲಿ ಪಾಚಿ ಕಟ್ಟಿದ ಪ್ಯಾನೆಲ್ ಒರೆಸಲು ಅದೇ ವಾರ ಏಣಿ ಹಾಕಬಹುದು.