ಅಮೆರಿಕದ ಕೌಂಟಿಗಳ ಮೀಡಿಯನ್ ಆದಾಯ: ನಾನು ಲೆಕ್ಕ ಹಾಕಿದ ರೀತಿ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಡೇಟಾ ಮೇಲೆ ಕೆಲಸ ಮಾಡುವವನು ನಾನು. ಅಲ್ಲಿನ ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ, ಒಟ್ಟು 3,100ಕ್ಕಿಂತ ಜಾಸ್ತಿ ಇವೆ. ಒಂದೊಂದು ಕೌಂಟಿಗೂ ಮನೆಗಳ ಮೀಡಿಯನ್ ಆದಾಯ ಎಷ್ಟು ಅಂತ ಪಟ್ಟಿ ಮಾಡಬೇಕಿತ್ತು. ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಮನೆಯ ಆದಾಯವೇ ಮೀಡಿಯನ್. ನಮ್ಮಲ್ಲಿ ಜಿಲ್ಲಾವಾರು ತಲಾ ಆದಾಯ ಅಂತ ಓದುತ್ತೇವಲ್ಲ, ಅದು ಬೇರೆ. ಅದು ಜಿಲ್ಲೆಯ ಉತ್ಪನ್ನವನ್ನು ತಲೆಗಳಿಂದ ಭಾಗಿಸಿದ ಸರಾಸರಿ. ನಾಲ್ಕು ದೊಡ್ಡ ಕಾರ್ಖಾನೆ ಬಂದರೆ ಅದು ಏರುತ್ತದೆ, ನಡುವಿನ ಮನೆಗೆ ಏನೂ ಸಿಗದೆ ಇರಬಹುದು.

ಅಲ್ಲಿನ ಜನಗಣತಿ ನಡೆಸುವ ಸೆನ್ಸಸ್ ಬ್ಯೂರೋದ ಅಮೆರಿಕನ್ ಕಮ್ಯುನಿಟಿ ಸರ್ವೇ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುತ್ತದೆ. ಅದರ ಬಿ19013 ಟೇಬಲ್‌ನಲ್ಲಿ ಮೀಡಿಯನ್ ಸಿದ್ಧವಾಗೇ ಇರುತ್ತದೆ. ಹಾಗಾದರೆ ಅಂದಾಜು ಯಾಕೆ ಬೇಕು ಅಂತ ನನಗೂ ಮೊದಲು ಅನ್ನಿಸಿತ್ತು. ಆದರೆ ಒಂದೇ ವರ್ಷದ ಅಂಕಿ ಸಿಗುವುದು 65,000 ಜನಸಂಖ್ಯೆಯ ಮೇಲಿನ ಕೌಂಟಿಗಳಿಗೆ ಮಾತ್ರ. ಉಳಿದವಕ್ಕೆ ಐದು ವರ್ಷದ ಉತ್ತರಗಳನ್ನು ಒಟ್ಟುಗೂಡಿಸಿದ ಅಂಕಿಯೇ ಗತಿ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು ಒಂದು ಕೋಟಿ ಜನ. ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ 64 ಜನ. ಎರಡನ್ನೂ ಒಂದೇ ಕಾಲಂನಲ್ಲಿ ಇಟ್ಟು ಒಂದೇ ಥರ ನಂಬಲು ಆಗುತ್ತದಾ?

ಮೊದಲ ಪೆಟ್ಟು ಬಿದ್ದದ್ದು ಬೇರೆ ಕಡೆ. ಮೀಡಿಯನ್ ಕೊಡಲು ಆಗದ ಜಾಗದಲ್ಲಿ ಆ ಟೇಬಲ್ -666666666 ಅಂತ ಬರೆದಿರುತ್ತದೆ. ಅದನ್ನು ನೋಡದೆ ರಿಗ್ರೆಶನ್ (ಬೇರೆ ಅಂಕಿಗಳನ್ನು ಇಟ್ಟುಕೊಂಡು ಆದಾಯವನ್ನು ಊಹಿಸುವ ಲೆಕ್ಕ) ಓಡಿಸಿದ್ದೆ, ಇಡೀ ರಾಜ್ಯದ ಫಲಿತಾಂಶವೇ ಹಾಳಾಗಿ ಒಂದು ಇಡೀ ದಿನ ಹುಡುಕಬೇಕಾಯಿತು. ಕೌಂಟಿಯ ಐದಂಕಿ ಕೋಡ್‌ಗಳನ್ನೂ ಸ್ಟ್ರಿಂಗ್ ಆಗಿಯೇ, ಅಂದರೆ ಸಂಖ್ಯೆಯಾಗಿ ಅಲ್ಲದೆ ಅಕ್ಷರಗಳ ಸಾಲಾಗಿ ಓದಿಸಿ, ಇಲ್ಲದಿದ್ದರೆ ಅಲಬಾಮಾದ 01001 ಸುಮ್ನೆ 1001 ಆಗಿ ಯಾವುದಕ್ಕೂ ಜೋಡಿಯಾಗುವುದಿಲ್ಲ.

ಎರಡು ಕೌಂಟಿ ಸೇರಿಸಿ ಒಂದು ಮೀಡಿಯನ್ ಬೇಕು ಅಂದಾಗ ಎರಡರ ಸರಾಸರಿ ತೆಗೆಯಬೇಡಿ. ಅದೇ ಸರ್ವೇಯ ಬಿ19001 ಟೇಬಲ್‌ನಲ್ಲಿ ಆದಾಯದ 16 ಹಂತಗಳಿವೆ, ಹಂತಹಂತವಾಗಿ ಮನೆಗಳನ್ನು ಕೂಡಿಸಿ. ಒಟ್ಟು 1,000 ಮನೆ ಅಂತ ಇಟ್ಟುಕೊಳ್ಳಿ. 50,000 ಡಾಲರ್‌ಗಿಂತ ಕೆಳಗೆ 460 ಮನೆ, 50,000ದಿಂದ 60,000ದೊಳಗೆ 80 ಮನೆ. ನಡುವಿನ ಮನೆ ತಲುಪಲು ಇನ್ನೂ 40 ಬೇಕು, ಅಂದರೆ ಆ ಹಂತದ ಅರ್ಧ ದಾರಿ. ಹಾಗಾಗಿ ಮೀಡಿಯನ್ ಸುಮಾರು 55,000.

ಈಗ ಸಣ್ಣ ಕೌಂಟಿಗಳ ವಿಷಯ. ನನಗೆ ಬಹಳ ಇಷ್ಟವಾದ ಭಾಗ ಇದೇ. ಒಂದು ಕೌಂಟಿಯ ಸರ್ವೇ ಅಂಕಿ 52,000, ಜೊತೆಗೆ ಕೊಟ್ಟ ತಪ್ಪಿನ ಅಂಚು 9,000 ಅಂತ ಇಟ್ಟುಕೊಳ್ಳಿ. ಆ ಅಂಚು 90 ಪರ್ಸೆಂಟ್ ಮಟ್ಟದ್ದು, 1.645ರಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ (ಅಂಕಿ ಸಾಮಾನ್ಯವಾಗಿ ಎಷ್ಟು ಅಲುಗಾಡುತ್ತದೆ ಅನ್ನುವ ಅಳತೆ) ಸುಮಾರು 5,470, ಅಂದರೆ ಹತ್ತೂವರೆ ಪರ್ಸೆಂಟ್. ಇನ್ನೊಂದು ಕಡೆ ತೆರಿಗೆ ರಿಟರ್ನ್‌ಗಳ ಆದಾಯ ಮತ್ತು ಹಳೆಯ ಜನಗಣತಿಯ ಮೀಡಿಯನ್ ಇಟ್ಟುಕೊಂಡು ನಾನು ಮಾಡಿದ ರಿಗ್ರೆಶನ್ 47,000 ಅನ್ನುತ್ತದೆ, ಅದರ ತಪ್ಪು ಸುಮಾರು 6 ಪರ್ಸೆಂಟ್. ಯಾರ ಮಾತಿನಲ್ಲಿ ಅಲುಗಾಟ ಕಡಿಮೆಯೋ ಅವರಿಗೆ ಜಾಸ್ತಿ ತೂಕ. ಲಾಗ್ ಅಳತೆಯಲ್ಲಿ, ಅಂದರೆ ಡಾಲರ್ ಬದಲು ಪರ್ಸೆಂಟ್ ವ್ಯತ್ಯಾಸ ನೋಡುವ ಹಾಗೆ ಲೆಕ್ಕ ಹಾಕಿದರೆ ಸರ್ವೇಗೆ ಸಿಗುವ ತೂಕ ಕಾಲು ಭಾಗದಷ್ಟು ಮಾತ್ರ, ಉತ್ತರ ಸುಮಾರು 48,200. ದೊಡ್ಡ ಕೌಂಟಿಯಲ್ಲಿ ಸರ್ವೇಯ ತಪ್ಪು ಒಂದು ಪರ್ಸೆಂಟ್ ಇರುವುದರಿಂದ ರಿಗ್ರೆಶನ್ ಮಾತು ಹೆಚ್ಚುಕಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಫೇ ಮತ್ತು ಹೆರಿಯಟ್ ಅನ್ನುವ ಸಂಖ್ಯಾಶಾಸ್ತ್ರಜ್ಞರು 1979ರಲ್ಲಿ ಸಣ್ಣ ಊರುಗಳ ಆದಾಯಕ್ಕೆ ಅಂತಲೇ ಈ ದಾರಿ ತೋರಿಸಿದರು. ಸೆನ್ಸಸ್ ಬ್ಯೂರೋದ ಸೈಪ್ ಕಾರ್ಯಕ್ರಮ ಪ್ರತಿ ವರ್ಷ ಎಲ್ಲ ಕೌಂಟಿಗಳಿಗೂ ಇದೇ ಜಾತಿಯ ವಿಧಾನದಲ್ಲಿ ಒಂದು ವರ್ಷದ ಅಂದಾಜು ಕೊಡುತ್ತದೆ. ಅದೇ ಸಾಕು ಅನ್ನುವವರು ನೇರ ಅದನ್ನೇ ತೆಗೆದುಕೊಳ್ಳಿ, ತಪ್ಪೇನಿಲ್ಲ.

ನಾನು ಸೈಪ್ ಜೊತೆ ನನ್ನ ಅಂಕಿಗಳನ್ನು ಹೋಲಿಸಿ ನೋಡಿದೆ. ಹೆಚ್ಚಿನವು ಹತ್ತಿರ ಹತ್ತಿರವೇ ಇದ್ದವು. ದೂರ ನಿಂತವುಗಳಲ್ಲಿ ದೊಡ್ಡ ವಿಶ್ವವಿದ್ಯಾಲಯ ಇರುವ ಕೌಂಟಿಗಳು ಎದ್ದು ಕಂಡವು. ಬಾಡಿಗೆ ಮನೆ ಮಾಡಿಕೊಂಡಿರುವ ಮೂವರು ವಿದ್ಯಾರ್ಥಿಗಳು ಸರ್ವೇಯಲ್ಲಿ ಕಡಿಮೆ ಆದಾಯದ ಒಂದು ಮನೆ. ತೆರಿಗೆ ರಿಟರ್ನ್‌ನಲ್ಲಿ ಅವರು ಎಷ್ಟೋ ಸಲ ಬೇರೆ ಕೌಂಟಿಯಲ್ಲಿರುವ ಅಪ್ಪ ಅಮ್ಮನ ಅವಲಂಬಿತರು, ಅಲ್ವಾ? ಹಾಗಾಗಿ ರಿಗ್ರೆಶನ್‌ಗೆ ಕಾಲೇಜು ವಿದ್ಯಾರ್ಥಿಗಳ ಪ್ರಮಾಣವನ್ನೂ ಒಂದು ಕಾಲಂ ಆಗಿ ಸೇರಿಸಿದೆ, ಅಂತರ ಕಡಿಮೆಯಾಯಿತು. ಈಗ ನಾನು ಕಳಿಸುವ ಪಟ್ಟಿಯಲ್ಲಿ ಪ್ರತಿ ಅಂಕಿಯ ಪಕ್ಕ ಕೆಳಗಿನ ಮಿತಿ, ಮೇಲಿನ ಮಿತಿ ಮತ್ತು ಸರ್ವೇಗೆ ಕೊಟ್ಟ ತೂಕ ಮೂರೂ ಇರುತ್ತವೆ.